ದೂರದ ಪಾಠಕ್ಕೆ ಪಕ್ಕದಲ್ಲೊಬ್ಬರು

ಪರ್ತ್ ನಗರಕ್ಕೆ ಬಂದಿಳಿದ ಹೊಸತರಲ್ಲಿ, ಕೆಲಸದ ಸಂದರ್ಶನವೊಂದರಲ್ಲಿ ‘ನಿಮಗೆ ಮೂಡಲ್ ಗೊತ್ತೇ?’ ಎಂದು ಕೇಳಿದರು. ಹಾಸನದ ಪದವಿಪೂರ್ವ ಕಾಲೇಜೊಂದರಲ್ಲಿ ಹನ್ನೊಂದು ವರ್ಷ ಭೌತಶಾಸ್ತ್ರ ಬೋಧಿಸಿ ಬಂದಿದ್ದ ನನಗೆ ಆ ಶಬ್ದ ಕಿವಿಗೆ ಬಿದ್ದಾಗ ನೆನಪಾದದ್ದು ಸೂರ್ಯ ಹುಟ್ಟುವ ದಿಕ್ಕು. ಹಿಂದೂ ಮಹಾಸಾಗರದ ಈ ದಡದಲ್ಲಿ ಸೂರ್ಯ ಕಡಲಿನಲ್ಲಿ ಮುಳುಗುತ್ತಾನೆಯೇ ಹೊರತು ಮೂಡುವುದಿಲ್ಲ. ಇವರು ಕೇಳುತ್ತಿರುವುದಾದರೂ ಏನನ್ನು ಎಂದು ಒಂದು ಕ್ಷಣ ಗಲಿಬಿಲಿಗೊಂಡೆ. ‘ಗೊತ್ತಿಲ್ಲ, ಕಲಿಯುತ್ತೇನೆ’ ಎಂದೆ. ಕೆಲಸ ಸಿಗಲಿಲ್ಲ. ಮನೆಗೆ ಬಂದು ಹುಡುಕಿದಾಗ ತಿಳಿಯಿತು, ಮೂಡಲ್ ಎಂಬುದು ಪಾಠಗಳನ್ನು ಅಂತರ್ಜಾಲದಲ್ಲಿ ಜೋಡಿಸಿಡುವ ಒಂದು ಕಲಿಕಾ ತಂತ್ರಾಂಶ. ಜಗತ್ತಿನ ನಾನಾ ದೇಶಗಳ ಶಾಲೆ, ಕಾಲೇಜು, ವಿಶ್ವವಿದ್ಯಾಲಯಗಳು ಬಳಸುವ ಆ ತಂತ್ರಾಂಶ ಹುಟ್ಟಿದ್ದು ನಾನು ಬಂದಿಳಿದ ಇದೇ ಊರಿನಲ್ಲಿ.

ಅದನ್ನು ರೂಪಿಸಿದವರು ಮಾರ್ಟಿನ್ ಡೌಗಿಯಾಮಸ್. ಪರ್ತ್‌ನ ಕರ್ಟಿನ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸುತ್ತಿದ್ದ ಅವರು 2002ರ ಆಗಸ್ಟ್‌ನಲ್ಲಿ ಮೂಡಲ್‌ನ ಮೊದಲ ಪೂರ್ಣ ಆವೃತ್ತಿಯನ್ನು ಹೊರತಂದು, ಯಾರು ಬೇಕಾದರೂ ಉಚಿತವಾಗಿ ಬಳಸಲಿ, ತಿದ್ದಿಕೊಳ್ಳಲಿ ಎಂದು ಬಿಟ್ಟುಕೊಟ್ಟರು. ಇದರ ಹಿಂದೆ ಇನ್ನೊಂದು ಕಥೆಯಿದೆ. ಡೌಗಿಯಾಮಸ್ ಬಾಲ್ಯವನ್ನು ಕಳೆದದ್ದು ಪಶ್ಚಿಮ ಆಸ್ಟ್ರೇಲಿಯಾದ ಒಳನಾಡಿನ ಮರುಭೂಮಿಯ ಒಂದು ಪುಟ್ಟ ವಸತಿಯಲ್ಲಿ. ಹತ್ತಿರದಲ್ಲಿ ಸೇರಬಹುದಾದ ಶಾಲೆಯಿರಲಿಲ್ಲ. ಅವರಿಗೆ ಪಾಠ ಬರುತ್ತಿದ್ದುದು ಶಾರ್ಟ್‌ವೇವ್ ರೇಡಿಯೊದಲ್ಲಿ.

ಗಾಳಿಯ ಮೇಲೊಂದು ಶಾಲೆ

ಊರಿನಲ್ಲಿರುವ ಓದುಗರಿಗೆ ಈ ನಾಡಿನ ವಿಸ್ತಾರವನ್ನು ಅಂದಾಜಿಸುವುದು ಕಷ್ಟ. ಪಶ್ಚಿಮ ಆಸ್ಟ್ರೇಲಿಯಾ ಎಂಬ ಒಂದೇ ರಾಜ್ಯದಲ್ಲಿ ಹದಿಮೂರು ಕರ್ನಾಟಕಗಳು ಹಿಡಿಯುತ್ತವೆ. ಜನರಲ್ಲಿ ಹೆಚ್ಚಿನವರು ಪರ್ತ್ ಮತ್ತು ಅದರ ಆಸುಪಾಸಿನಲ್ಲೇ ನೆಲೆಸಿದ್ದಾರೆ. ಉಳಿದ ನೆಲದಲ್ಲಿ ಗಣಿಯೂರುಗಳು, ಮೂಲನಿವಾಸಿಗಳ ವಸತಿಗಳು, ಒಂದೊಂದೂ ನಮ್ಮ ತಾಲ್ಲೂಕಿಗಿಂತ ದೊಡ್ಡದಾದ ದನದ ಹುಲ್ಲುಗಾವಲುಗಳು. ಅಂಥ ಕಡೆ ಒಂದು ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಅವರಿಗಾಗಿ ಶಾಲೆ ಕಟ್ಟುವುದು ಹೇಗೆ?

ಇದಕ್ಕೆ ಈ ದೇಶ ಕಂಡುಕೊಂಡ ಉತ್ತರ ‘ಸ್ಕೂಲ್ ಆಫ್ ದಿ ಏರ್’. 1951ರ ಜೂನ್‌ನಲ್ಲಿ ಮಧ್ಯ ಆಸ್ಟ್ರೇಲಿಯಾದ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಇದು ವಿಧ್ಯುಕ್ತವಾಗಿ ಆರಂಭವಾಯಿತು. ಒಳನಾಡಿನ ರೋಗಿಗಳಿಗಾಗಿ ವಿಮಾನದಲ್ಲಿ ಬರುವ ವೈದ್ಯರನ್ನು ಕರೆಯಲು, ಸೈಕಲ್ಲಿನಂತೆ ಕಾಲಿನಿಂದ ತುಳಿದು ನಡೆಸುವ ರೇಡಿಯೊವನ್ನು ಆಲ್ಫ್ರೆಡ್ ಟ್ರೇಗರ್ ಎಂಬ ತಂತ್ರಜ್ಞ 1920ರ ದಶಕದ ಕೊನೆಯಲ್ಲಿ ರೂಪಿಸಿದ್ದರು. ಆ ವೈದ್ಯಸೇವೆಯ ರೇಡಿಯೊ ಜಾಲದ ಮೇಲೆಯೇ ಶಿಕ್ಷಕರ ಧ್ವನಿಯೂ ಸಾಗಿತು. ಅಂಚೆಯಲ್ಲಿ ಪುಸ್ತಕ, ಅಭ್ಯಾಸದ ಹಾಳೆಗಳು ಬರುತ್ತಿದ್ದವು. ರೇಡಿಯೊದಲ್ಲಿ ದಿನಕ್ಕೆ ಸ್ವಲ್ಪ ಹೊತ್ತು ಪಾಠ, ಪ್ರಶ್ನೋತ್ತರ. ಈಗ ರೇಡಿಯೊದ ಜಾಗದಲ್ಲಿ ಉಪಗ್ರಹದ ಅಂತರ್ಜಾಲವಿದೆ. ನಮ್ಮ ರಾಜ್ಯದಲ್ಲೇ ಕಿಂಬರ್ಲಿ, ಪೋರ್ಟ್ ಹೆಡ್‌ಲ್ಯಾಂಡ್, ಕಾರ್ನಾರ್ವನ್, ಮೀಕಥಾರಾ, ಕಾಲ್ಗೂರ್ಲಿಗಳ ಹೆಸರಿನ ಇಂಥ ಶಾಲೆಗಳಿವೆ.

ಈ ಶಾಲೆಗಳ ಬಗ್ಗೆ ಓದುವಾಗ ನನ್ನ ಗಮನವನ್ನು ಸೆಳೆದದ್ದು ರೇಡಿಯೊವೂ ಅಲ್ಲ, ಉಪಗ್ರಹವೂ ಅಲ್ಲ. ಪ್ರತಿ ಮಗುವಿನ ಪಕ್ಕದಲ್ಲಿ ‘ಹೋಮ್ ಟ್ಯೂಟರ್’ ಒಬ್ಬರು ಇರುತ್ತಾರೆ. ಬಹುಪಾಲು ಅದು ಮಗುವಿನ ತಾಯಿಯೇ. ಕೆಲವೆಡೆ ಅದಕ್ಕೆಂದೇ ನೇಮಿಸಿಕೊಂಡವರು. ಅವರು ಪಾಠ ಮಾಡುವವರಲ್ಲ. ಮಗುವಿನೊಡನೆ ಕೂತು, ಅದು ಮಾಡಬೇಕಾದ ಕೆಲಸವನ್ನು ಮಾಡಿಸುವವರು, ಎಲ್ಲಿ ತೊಡಕಾಯಿತೆಂದು ಶಿಕ್ಷಕರಿಗೆ ತಿಳಿಸುವವರು. ದೂರದ ಶಿಕ್ಷಕ, ಹತ್ತಿರದ ಒಬ್ಬ ಜೊತೆಗಾರ, ನಡುವೆ ಎಚ್ಚರದಿಂದ ಹೆಣೆದ ಪಾಠ: ಈ ಮೂರು ಕೂಡಿದಾಗ ಮಾತ್ರ ಗಾಳಿಯ ಮೇಲಿನ ಶಾಲೆ ನಡೆಯುತ್ತದೆ. ಈ ಮಾತು ನನಗೆ ಪೂರ್ತಿ ಅರ್ಥವಾಗಲು ಮಾತ್ರ ಹಲವು ವರ್ಷಗಳು ಬೇಕಾದವು.

ನಲವತ್ತೆಂಟು ನಿಮಿಷದ ಪಾಠ

ಕೊನೆಗೂ ನನಗೆ ಕೆಲಸ ಸಿಕ್ಕಿದ್ದು ವೃತ್ತಿ ತರಬೇತಿ ಸಂಸ್ಥೆಯೊಂದರಲ್ಲಿ. ಕಲಿಯಲು ಬರುವವರು ಎಲೆಕ್ಟ್ರೀಷಿಯನ್ನರು, ಫಿಟ್ಟರುಗಳು. ಹಲವರು ಉತ್ತರದ ಪಿಲ್ಬರಾ ಪ್ರಾಂತ್ಯದ ಕಬ್ಬಿಣದ ಅದಿರಿನ ಗಣಿಗಳಿಗೆ ವಿಮಾನದಲ್ಲಿ ಹೋಗಿ ವಾರಗಟ್ಟಲೆ ದುಡಿದು ಮರಳುವವರು. ಗಣಿಗೆ ಕಾಲಿಡುವ ಮುನ್ನ ಸುರಕ್ಷತೆಯ ಪಾಠಗಳನ್ನು ಅವರು ಅಂತರ್ಜಾಲದಲ್ಲೇ ಮುಗಿಸಬೇಕು. ನನಗೆ ವಹಿಸಿದ ಮೊದಲ ಪಾಠ, ದುರಸ್ತಿಗೆ ಮುನ್ನ ಯಂತ್ರದ ವಿದ್ಯುತ್ ಸಂಪರ್ಕವನ್ನು ಕಡಿದು ಬೀಗ ಹಾಕುವ ಕ್ರಮ.

ಹನ್ನೊಂದು ವರ್ಷದ ಅನುಭವವನ್ನೆಲ್ಲ ಸುರಿದು ಪಾಠ ಮಾಡಿದೆ. ವಿದ್ಯುತ್ ಪ್ರವಾಹ ಎಂದರೇನು ಎಂಬಲ್ಲಿಂದ ಹಿಡಿದು ಓಮ್‌ನ ನಿಯಮ, ಮಾನವ ದೇಹದ ರೋಧ, ಆಘಾತದ ಪರಿಣಾಮಗಳವರೆಗೆ ನಲವತ್ತೆಂಟು ನಿಮಿಷದ ವಿಡಿಯೊ. ಹಾಸನದಲ್ಲಾಗಿದ್ದರೆ ಹಿಂದಿನ ಬೆಂಚಿನವರೂ ಕಿವಿಗೊಡುತ್ತಿದ್ದರು ಎಂಬ ಹೆಮ್ಮೆ ನನಗೆ. ಎರಡು ವಾರದ ನಂತರ ಮೂಡಲ್‌ನ ದಾಖಲೆ ತೆರೆದು ನೋಡಿದರೆ, ಹೆಚ್ಚಿನವರು ಆರೇಳು ನಿಮಿಷಕ್ಕೇ ವಿಡಿಯೊ ಬಿಟ್ಟು ಕೊನೆಯ ಪ್ರಶ್ನೆಗಳಿಗೆ ಹಾರಿದ್ದರು. ತರಗತಿಯಲ್ಲಿ ಮಾತು ಕೇಳದವನ ಮುಖವಾದರೂ ಕಾಣುತ್ತದೆ. ಇಲ್ಲಿ ಕಂಡದ್ದು ಬರೀ ಅಂಕಿ.

ನನ್ನ ಮೇಲಿನ ಹಿರಿಯ ವಿನ್ಯಾಸಕಿ ವಿಡಿಯೊವನ್ನು ಪೂರ್ತಿ ನೋಡಿದರು. ನಂತರ ಕೇಳಿದ್ದು ಒಂದೇ ಪ್ರಶ್ನೆ: ‘ಈ ಪಾಠ ಮುಗಿಸಿದವನು ಸೋಮವಾರ ಬೆಳಿಗ್ಗೆ ಯಾವ ಕೆಲಸವನ್ನು ಮೊದಲಿಗಿಂತ ಬೇರೆ ರೀತಿ ಮಾಡುತ್ತಾನೆ?’ ನನ್ನಲ್ಲಿ ಉತ್ತರವಿರಲಿಲ್ಲ. ನಾನು ಯೋಚಿಸಿದ್ದು ನಾನೇನು ಹೇಳಬೇಕು ಎಂಬುದನ್ನು. ಅವನು ಏನು ಮಾಡಬೇಕು ಎಂಬುದು ನನಗೆ ಹೊಳೆದೇ ಇರಲಿಲ್ಲ.

ಕಲಿಕಾ ವಿನ್ಯಾಸ ಎಂಬ ವಿದ್ಯೆಯ ತಿರುಳು ಇದು. ಅಮೆರಿಕದ ಗ್ರಾಂಟ್ ವಿಗಿನ್ಸ್ ಮತ್ತು ಜೇ ಮೆಕ್‌ಟೈ 1998ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಇದನ್ನು ಹಿಂದಿನಿಂದ ಮುಂದಕ್ಕೆ ನಡೆಯುವ ಕ್ರಮವಾಗಿ ನಿರೂಪಿಸಿದ್ದಾರೆ. ಮೊದಲು ಕಲಿತವನಿಗೆ ಏನು ಸಾಧ್ಯವಾಗಬೇಕೆಂದು ಬರೆದುಕೊಳ್ಳುವುದು. ಆಮೇಲೆ ಅದು ಸಾಧ್ಯವಾಯಿತೆಂದು ಯಾವ ಗುರುತಿನಿಂದ ತಿಳಿಯುವುದೆಂದು ನಿರ್ಧರಿಸುವುದು. ಪಾಠ ಹೇಗಿರಬೇಕೆಂಬ ಯೋಚನೆ ಕಟ್ಟಕಡೆಗೆ. ನಾವು ಉಪನ್ಯಾಸಕರು ಸಾಮಾನ್ಯವಾಗಿ ಕೊನೆಯದರಿಂದ ಆರಂಭಿಸಿ ಮೊದಲನೆಯದನ್ನು ಮರೆಯುತ್ತೇವೆ.

ಉಳಿದ ಪಾಠಗಳನ್ನು ಒಂದೊಂದಾಗಿ ಕಲಿತೆ. ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಾನ್ ಸ್ವೆಲ್ಲರ್ 1980ರ ದಶಕದಲ್ಲಿ ಮಂಡಿಸಿದ ಸಿದ್ಧಾಂತವೊಂದಿದೆ: ಮನಸ್ಸು ಒಮ್ಮೆಗೆ ಹೊರಬಲ್ಲ ಹೊಸ ಸಂಗತಿಗಳ ಹೊರೆ ಬಹಳ ಚಿಕ್ಕದು, ಅಲಂಕಾರದ ಚಿತ್ರ, ಅನಗತ್ಯ ವಿವರಗಳು ಆ ಹೊರೆಯನ್ನು ಹೆಚ್ಚಿಸಿ ಕಲಿಕೆಗೆ ಉಳಿಯುವ ಜಾಗವನ್ನು ಕಸಿಯುತ್ತವೆ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ಎಡೆಕ್ಸ್ ಎಂಬ ಅಂತರ್ಜಾಲ ತರಗತಿಗಳ 69 ಲಕ್ಷ ವಿಡಿಯೊ ವೀಕ್ಷಣೆಗಳನ್ನು ಪರಿಶೀಲಿಸಿ, ವಿಡಿಯೊ ಎಷ್ಟೇ ಉದ್ದವಿದ್ದರೂ ವಿದ್ಯಾರ್ಥಿಗಳ ಗಮನ ಸಾಮಾನ್ಯವಾಗಿ ಆರು ನಿಮಿಷ ದಾಟದೆಂದು ಕಂಡುಕೊಂಡಿತು. ನನ್ನ ಎಲೆಕ್ಟ್ರೀಷಿಯನ್ನರು ಸೋಮಾರಿಗಳಾಗಿರಲಿಲ್ಲ, ಎಲ್ಲರಂತೆ ಮನುಷ್ಯರಾಗಿದ್ದರು! ಇನ್ನು, ಓದಿದ್ದನ್ನೇ ಮತ್ತೆ ಓದುವುದಕ್ಕಿಂತ ಪುಸ್ತಕ ಮುಚ್ಚಿ ನೆನಪಿಸಿಕೊಳ್ಳುವುದರಿಂದ ಕಲಿತದ್ದು ಹೆಚ್ಚು ಕಾಲ ಉಳಿಯುತ್ತದೆಂದು ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಪ್ರಯೋಗದಿಂದ ತೋರಿಸಿದರು. ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದ ನಮ್ಮ ಹಳೆಯ ಮೇಷ್ಟರಿಗೆ ಇದು ತಿಳಿದೇ ಇತ್ತೆನ್ನಬೇಕು.

ಪಾಠವನ್ನು ಮತ್ತೆ ಕಟ್ಟಿದೆ. ಈ ಬಾರಿ ನಾಲ್ಕು ನಿಮಿಷದ ಒಂದೇ ವಿಡಿಯೊ. ಅದರ ನಂತರ ನಿಜವಾದ ಸ್ವಿಚ್‌ಬೋರ್ಡಿನ ಚಿತ್ರ: ಸಂಪರ್ಕ ಕಡಿಯುವುದು, ಬೀಗ ಹಾಕುವುದು, ಹೆಸರಿನ ಚೀಟಿ ತೂಗುವುದು, ವಿದ್ಯುತ್ ಇಲ್ಲವೆಂದು ಉಪಕರಣದಿಂದ ಪರೀಕ್ಷಿಸುವುದು. ಕಲಿಯುವವನೇ ಈ ಹೆಜ್ಜೆಗಳನ್ನು ಕ್ರಮವಾಗಿ ಜೋಡಿಸಬೇಕು. ತಪ್ಪಿದರೆ ಆ ತಪ್ಪಿನಿಂದ ಏನಾಗುತ್ತದೆಂದು ಅಲ್ಲೇ ತಿಳಿಯುತ್ತದೆ. ನಾರ್ವೆಯಲ್ಲಿ ಹುಟ್ಟಿದ ಎಚ್‌5ಪಿ ಎಂಬ ಮುಕ್ತ ತಂತ್ರಾಂಶದಿಂದ ಇದನ್ನೆಲ್ಲ ಕೋಡಿಂಗ್ ತಿಳಿಯದವರೂ ಮಾಡಬಹುದು. ಓಮ್‌ನ ನಿಯಮವನ್ನು ಬಿಟ್ಟುಕೊಡುವಾಗ ಹೊಟ್ಟೆ ಉರಿಯಿತು. ಆದರೆ ಈ ಪಾಠವನ್ನು ಜನ ಕೊನೆಯವರೆಗೆ ಮಾಡಿದರು.

ಬರಬೇಕೆನ್ನುವವರಿಗೆ

‘ಟೀಚಿಂಗ್ ಮಾಡಿಕೊಂಡಿದ್ದೇನೆ, ಅಲ್ಲಿ ಬಂದರೆ ಏನು ಮಾಡಬಹುದು?’ ಎಂದು ಊರಿನಿಂದ ಆಗಾಗ ಕೇಳುತ್ತಾರೆ. ನನಗೆ ತಿಳಿದಷ್ಟನ್ನು ಹೇಳುವುದಾದರೆ, ಇಲ್ಲಿ ದಾರಿಗಳು ಮೂರು.

ಶಾಲಾ ಶಿಕ್ಷಕರಾಗಿ ವಲಸೆ ಬರಬೇಕೆನ್ನುವವರ ಅರ್ಹತೆಯನ್ನು ‘ಎಐಟಿಎಸ್‌ಎಲ್’ ಎಂಬ ರಾಷ್ಟ್ರೀಯ ಸಂಸ್ಥೆ ಪರಿಶೀಲಿಸುತ್ತದೆ. ಪದವಿ ಮತ್ತು ಶಿಕ್ಷಕ ತರಬೇತಿ ಸೇರಿ ಕನಿಷ್ಠ ನಾಲ್ಕು ವರ್ಷದ ಉನ್ನತ ಶಿಕ್ಷಣ, ಅದರಲ್ಲಿ ಮೇಲ್ವಿಚಾರಣೆಯಡಿ ಕನಿಷ್ಠ 45 ದಿನದ ಬೋಧನಾಭ್ಯಾಸ ಇರಬೇಕು. ಐಇಎಲ್‌ಟಿಎಸ್ ಅಕಾಡೆಮಿಕ್ ಪರೀಕ್ಷೆಯಲ್ಲಿ ಓದು, ಬರಹಗಳಿಗೆ 7, ಆಲಿಸುವಿಕೆ ಮತ್ತು ಮಾತಿಗೆ 8 ಅಂಕ ಬೇಕು. ನಮ್ಮಲ್ಲಿ ಚೆನ್ನಾಗಿ ಓದಿದವರೂ ಎಡವುವುದು ಈ ಎಂಟರಲ್ಲಿ. ಬಿ.ಇಡಿ. ಕಾಲದ ಬೋಧನಾಭ್ಯಾಸದ ದಿನಗಳನ್ನು ಕಾಲೇಜಿನಿಂದ ಲಿಖಿತವಾಗಿ ಪಡೆದಿಟ್ಟುಕೊಳ್ಳುವುದು ಜಾಣತನ. ಹತ್ತು ವರ್ಷದ ನಂತರ ಆ ಕಡತ ಹುಡುಕಿಸುವುದು ಸುಲಭವಲ್ಲ. ಇಷ್ಟಾದ ಮೇಲೂ ಆಯಾ ರಾಜ್ಯದ ಶಿಕ್ಷಕ ನೋಂದಣಿ ಬೇರೆಯೇ ಉಂಟು.

ಎರಡನೆಯದು ವೃತ್ತಿ ತರಬೇತಿಯ ಕ್ಷೇತ್ರ. ಇಲ್ಲಿ ನಿಮ್ಮ ವಿಷಯದ ಪರಿಣತಿಯ ಜೊತೆಗೆ ‘ಸರ್ಟಿಫಿಕೇಟ್ ಫೋರ್ ಇನ್ ಟ್ರೈನಿಂಗ್ ಆ್ಯಂಡ್ ಅಸೆಸ್‌ಮೆಂಟ್’ ಎಂಬ ಅರ್ಹತೆಯನ್ನು ಕೇಳುತ್ತಾರೆ. ಎಂ.ಎಸ್ಸಿ. ಮುಗಿಸಿದವಳು ಮತ್ತೆ ಸರ್ಟಿಫಿಕೇಟ್ ತರಗತಿಗೆ ಸೇರುವುದೇ ಎಂದು ನಾನೂ ಮುಖ ಗಂಟಿಕ್ಕಿದ್ದೆ. ಅದು ನನಗೆ ಕಲಿಸಿದ್ದನ್ನು ಈಗಲೂ ದಿನವೂ ಬಳಸುತ್ತೇನೆ.

ಮೂರನೆಯದು ನನ್ನ ಕೆಲಸ. ಇಲ್ಲಿ ಇದನ್ನು ಹೆಚ್ಚಾಗಿ ‘ಲರ್ನಿಂಗ್ ಡಿಸೈನರ್’ ಎನ್ನುತ್ತಾರೆ. ಇದಕ್ಕೆ ಪದವಿಗಳ ಪಟ್ಟಿಗಿಂತ ಮಾಡಿದ ಕೆಲಸದ ಮಾದರಿ ಮುಖ್ಯ. ಅದನ್ನು ಊರಿನಲ್ಲಿ ಕೂತೇ ಸಿದ್ಧಪಡಿಸಬಹುದು. ಮೂಡಲ್ ಉಚಿತ. ನಿಮ್ಮದೇ ವಿಷಯದ ಒಂದು ಪುಟ್ಟ ಪಾಠವನ್ನು ಎತ್ತಿಕೊಳ್ಳಿ. ಗುರಿಯನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಐದು ನಿಮಿಷದೊಳಗಿನ ವಿಡಿಯೊ, ಅದಕ್ಕೆ ಅಕ್ಷರರೂಪದ ಅಡಿಬರಹ, ಕಣ್ಣು ಕಾಣದವರಿಗಾಗಿ ಚಿತ್ರದ ವಿವರಣೆ ಸೇರಿಸಿ. ಅಂಗವಿಕಲರ ವಿರುದ್ಧದ ತಾರತಮ್ಯವನ್ನು ತಡೆಯುವ 1992ರ ಕಾನೂನು ಇಲ್ಲಿ ಶಿಕ್ಷಣಕ್ಕೂ ಅನ್ವಯಿಸುವುದರಿಂದ, ಇದನ್ನು ಸಂದರ್ಶನದಲ್ಲಿ ಖಂಡಿತ ಕೇಳುತ್ತಾರೆ. ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್, 2017ರಲ್ಲಿ ಬಂದ ದೀಕ್ಷಾ ವೇದಿಕೆಗಳ ಪಾಠಗಳನ್ನು ಕಲಿಯುವವರ ಕಣ್ಣಿನಿಂದ ನೋಡಿ, ನಾನಾಗಿದ್ದರೆ ಯಾವುದನ್ನು ಹೇಗೆ ಬದಲಿಸುತ್ತಿದ್ದೆ ಎಂದು ಬರೆದಿಡಿ. ಅದಕ್ಕಿಂತ ಒಳ್ಳೆಯ ತಾಲೀಮು ಇಲ್ಲ. ವೀಸಾ ನಿಯಮಗಳು ಮಾತ್ರ ಆಗಾಗ ಬದಲಾಗುತ್ತವೆ. ಏಜೆಂಟರ ಮಾತಿಗಿಂತ ಸರ್ಕಾರದ ಅಧಿಕೃತ ತಾಣವನ್ನು ನಂಬುವುದು ಲೇಸು.

ಮನೆಯ ದೀಪದ ಬುಡ

ಇಷ್ಟೆಲ್ಲ ಕಲಿತವಳು ಭಾನುವಾರ ಸಂಜೆ ಏನು ಮಾಡುತ್ತಿದ್ದೆ ಎಂಬುದನ್ನೂ ಹೇಳಬೇಕು. ನಾವು ನಾಲ್ಕಾರು ಗೆಳತಿಯರು ಮಕ್ಕಳಿಗಾಗಿ ಅಂತರ್ಜಾಲದಲ್ಲಿ ಕನ್ನಡ ತರಗತಿ ನಡೆಸುತ್ತಿದ್ದೆವು. ಪರ್ತ್‌ನ ಬಡಾವಣೆಗಳೇ ಕಡಲ ಗುಂಟ ನೂರು ಕಿಲೋಮೀಟರಿಗೂ ಹೆಚ್ಚು ಚಾಚಿವೆ; ಕೆಲವು ಕನ್ನಡ ಕುಟುಂಬಗಳು ಗಣಿ ಕೆಲಸಕ್ಕೆಂದು ಸಾವಿರದೈನೂರು ಕಿಲೋಮೀಟರ್ ದೂರದ ಕರಾಥಾದಲ್ಲಿವೆ. ಹಾಗಾಗಿ ಎಲ್ಲರೂ ಸೇರುವುದು ಪರದೆಯ ಮೇಲೆಯೇ. ನನ್ನ ಪಾಲಿಗೆ ಬಂದದ್ದು ಒಂಬತ್ತರಿಂದ ಹನ್ನೊಂದು ವರ್ಷದ ಮಕ್ಕಳು. ಅವರಲ್ಲಿ ನನ್ನ ಮಗಳೂ ಒಬ್ಬಳು.

ನಾನು ಮಾಡಿದ್ದೇನು? ಅ, ಆ, ಇ, ಈ. ನಲವತ್ತೊಂಬತ್ತು ಅಕ್ಷರ ಮುಗಿಯುವವರೆಗೆ ಅಕ್ಷರ, ಆಮೇಲೆ ಕಾಗುಣಿತ, ಆಮೇಲೆ ಒತ್ತಕ್ಷರ. ಒಂದು ಗಂಟೆ ನಾನೇ ಮಾತನಾಡುತ್ತಿದ್ದೆ; ಬಣ್ಣಬಣ್ಣದ ಸ್ಲೈಡುಗಳು ಓಡುತ್ತಿದ್ದವು. ಹದಿನಾಲ್ಕು ಮಕ್ಕಳಿದ್ದದ್ದು ವರ್ಷದೊಳಗೆ ಆರಕ್ಕಿಳಿಯಿತು. ‘ಕ್ರಿಕೆಟ್ ಇದೆ, ಈಜು ಇದೆ’ ಎಂದು ತಾಯಂದಿರು ಸಂಕೋಚದಿಂದ ಹೇಳುತ್ತಿದ್ದರು. ಆರು ನಿಮಿಷದ ಲೆಕ್ಕವನ್ನು ಗಣಿಕಾರ್ಮಿಕರಿಗೆ ಅನ್ವಯಿಸಿದವಳು ಮಕ್ಕಳಿಗೆ ಅನ್ವಯಿಸಿರಲಿಲ್ಲ.

ಕಣ್ಣು ತೆರೆಸಿದ್ದು ನನ್ನ ತಾಯಿ. ತಿಪಟೂರಿನಲ್ಲಿರುವ ಅವರು ಒಮ್ಮೆ ಫೋನಿನಲ್ಲಿ, ಯಾರ ಮೇಲೂ ದೂರಿಲ್ಲದ ದನಿಯಲ್ಲಿ, ‘ಮಗು ನನ್ನ ಹತ್ರ ಮಾತಾಡೋದನ್ನ ಪಾಠ ಒಪ್ಪಿಸಿದ ಹಾಗೆ ಮುಗಿಸಿಬಿಡ್ತಾಳೆ ಕಣೆ. ಊಟ ಆಯ್ತು, ಚೆನ್ನಾಗಿದೀನಿ, ಅಮ್ಮಂಗೆ ಕೊಡ್ತೀನಿ ಅಂತಾಳೆ. ನಾನೂ ಏನು ಕೇಳ್ಬೇಕೋ ಗೊತ್ತಾಗದೆ ಸುಮ್ಮನಾಗ್ತೀನಿ’ ಎಂದರು. ಅಂದು ನನಗೆ ನಿದ್ದೆ ಬರಲಿಲ್ಲ. ನನ್ನ ಮಗಳಿಗೆ ‘ಙ’ ಬರೆಯಲು ಬರುತ್ತಿತ್ತು. ಅಜ್ಜಿಯೊಡನೆ ಎರಡು ಮಾತು ಆಡಲು ಬರುತ್ತಿರಲಿಲ್ಲ. ಅಮ್ಮನಿಗೆ ಎಪ್ಪತ್ತಾರು ವರ್ಷ. ನಾನು ಒತ್ತಕ್ಷರ ಮುಗಿಸುವವರೆಗೆ ಕಾಲ ಕಾಯುತ್ತದೆಯೇ?

ಮರುದಿನ ಹಿರಿಯ ವಿನ್ಯಾಸಕಿಯ ಪ್ರಶ್ನೆಯನ್ನು ನನಗೇ ಕೇಳಿಕೊಂಡು ಒಂದು ವಾಕ್ಯ ಬರೆದೆ: ‘ಆರು ತಿಂಗಳ ಕೊನೆಗೆ ಪ್ರತಿ ಮಗುವೂ ಊರಿನ ಹಿರಿಯರೊಬ್ಬರೊಡನೆ ಇಂಗ್ಲಿಷಿನ ಆಸರೆಯಿಲ್ಲದೆ ಹತ್ತು ನಿಮಿಷ ಮಾತನಾಡಬೇಕು, ಅವರನ್ನು ಕನಿಷ್ಠ ಎರಡು ಪ್ರಶ್ನೆ ಕೇಳಬೇಕು.’ ಪರೀಕ್ಷೆ ಬೇರೆ ಬೇಡ, ಫೋನ್ ಕರೆಯೇ ಪರೀಕ್ಷೆ. ಈ ವಾಕ್ಯದ ಬೆಳಕಿನಲ್ಲಿ ನೋಡಿದಾಗ ನನ್ನ ಸ್ಲೈಡುಗಳಲ್ಲಿ ಮುಕ್ಕಾಲು ಪಾಲು ನಿರುಪಯುಕ್ತವಾಗಿದ್ದವು. ಅಕ್ಷರ ಕಲಿಕೆಯನ್ನು ಕೈಬಿಡಲಿಲ್ಲ. ಅದು ಮಾತಿನ ಹಿಂದೆ ಬರಲೆಂದು ಹಿಂದಕ್ಕೆ ಸರಿಸಿದೆ.

ಪಕ್ಕದಲ್ಲಿ ಕೂರುವವರು ಯಾರು ಎಂಬ ಪ್ರಶ್ನೆ ಆಗ ಎದುರಾಯಿತು. ಮರುಭೂಮಿಯ ಮಗುವಿಗೆ ಹೋಮ್ ಟ್ಯೂಟರ್ ಇದ್ದಾರೆ, ನಮ್ಮ ಮಕ್ಕಳಿಗೆ? ಭಾನುವಾರದ ಒಂದು ಗಂಟೆ ಬಿಟ್ಟರೆ ವಾರವಿಡೀ ಮನೆಯಲ್ಲಿ ಅಪ್ಪ ಅಮ್ಮಂದಿರೇ ಇಂಗ್ಲಿಷಿನಲ್ಲಿ ಮಾತನಾಡುತ್ತಿದ್ದೆವು. ಆದ್ದರಿಂದ ತಾಯಂದಿರಿಗೆ ದಿನಕ್ಕೆ ಹತ್ತು ನಿಮಿಷದ ಕೆಲಸ ಕೊಟ್ಟೆವು: ಊಟಕ್ಕೆ ಕೂತಾಗ ಆ ವಾರದ ವಿಷಯದ ಬಗ್ಗೆ ಮಾತ್ರ ಕನ್ನಡದಲ್ಲಿ ಮಾತು. ಇನ್ನು ಊರಿನ ಅಜ್ಜಿ ತಾತಂದಿರನ್ನೇ ತರಗತಿಗೆ ಕರೆದೆವು. ಪರ್ತ್‌ನ ಸಂಜೆ ಐದು ಎಂದರೆ ಊರಿನಲ್ಲಿ ಮಧ್ಯಾಹ್ನ ಎರಡೂವರೆ. ಅಮ್ಮ ತಮ್ಮ ನಿದ್ದೆ ಬಿಟ್ಟು, ತಲೆ ಬಾಚಿಕೊಂಡು ಫೋನಿನ ಮುಂದೆ ಕೂರತೊಡಗಿದರು. ಅವರ ಕೈಯಲ್ಲೊಂದು ವಸ್ತು ಇರುತ್ತದೆ, ಪರದೆಗೆ ಕಾಣದು. ಮಕ್ಕಳು ಪ್ರಶ್ನೆ ಕೇಳಿ ಕೇಳಿ ಅದೇನೆಂದು ಪತ್ತೆ ಮಾಡಬೇಕು. ಇನ್ನೊಂದು ವಾರ ಚಿತ್ರಾನ್ನ: ಅಜ್ಜಿ ಹೇಳಿದಂತೆ ಮಗು ತಾಯಿಯ ಜೊತೆಗೆ ಒಗ್ಗರಣೆ ಹಾಕಬೇಕು, ಅರ್ಥವಾಗದಿದ್ದರೆ ಕನ್ನಡದಲ್ಲೇ ಮತ್ತೆ ಕೇಳಬೇಕು. ಅಜ್ಜಿಯರ ದನಿಯನ್ನೇ ಮುದ್ರಿಸಿಕೊಂಡು ಎಚ್‌5ಪಿಯಲ್ಲಿ ಕೇಳು-ಹೇಳು ಚೀಟಿಗಳನ್ನು ಮಾಡಿದೆ. ಒಂದೂ ಮೂರು ನಿಮಿಷ ಮೀರದು.

ಎಲ್ಲವೂ ಹೂವಿನ ಹಾಗೆ ಅರಳಿತೆಂದು ಹೇಳಲಾರೆ. ಎರಡು ಕುಟುಂಬಗಳಿಗೆ ದಿನದ ಹತ್ತು ನಿಮಿಷ ಹೊಂದಿಸಲಾಗಲಿಲ್ಲ; ಅವರ ಮಕ್ಕಳು ಈಗಲೂ ತಡವರಿಸುತ್ತಾರೆ. ಒಬ್ಬ ತಾತ ಮೊಮ್ಮಗನ ಕನ್ನಡಕ್ಕಿಂತ ತಮ್ಮ ಇಂಗ್ಲಿಷನ್ನು ತೋರಿಸುವುದರಲ್ಲೇ ಖುಷಿಪಟ್ಟರು. ಊರಿನ ಹಿರಿಯರಲ್ಲಿ ನನ್ನ ಬಿನ್ನಹವೂ ಇದೇ: ಮಗು ತಡವರಿಸಿದಾಗ ನೀವು ಇಂಗ್ಲಿಷಿಗೆ ಜಾರಬೇಡಿ. ‘ಊಟ ಆಯ್ತಾ’ ಎಂದಷ್ಟೇ ಕೇಳಿ ನಿಲ್ಲಿಸದೆ, ಅದಕ್ಕೆ ಗೊತ್ತಿಲ್ಲದ ಒಂದು ಸಂಗತಿಯನ್ನು ಹೇಳಿ. ಪ್ರಶ್ನೆ ತಾನಾಗಿ ಬರುತ್ತದೆ.

ನನ್ನ ಮಗಳ ಪರೀಕ್ಷೆ ಕಳೆದ ತಿಂಗಳು ನಡೆಯಿತು, ಅವಳಿಗೆ ತಿಳಿಯದಂತೆ. ನಾನು ಅಡುಗೆಮನೆಯಲ್ಲಿದ್ದೆ. ‘ಅಜ್ಜಿ, ಕಾಯಿ, ಕೊಬ್ಬರಿ ಎರಡೂ ಒಂದೇ ಅಲ್ವಾ? ಮತ್ತೆ ಎರಡು ಹೆಸರು ಯಾಕೆ?’ ಎಂದು ಕೇಳುತ್ತಿದ್ದಳು. ತಿಪಟೂರಿನವರಿಗೆ ಕೊಬ್ಬರಿಯ ಬಗ್ಗೆ ಕೇಳಿದರೆ ಮಾತು ನಿಲ್ಲುವುದುಂಟೇ! ಕಾಯಿಯನ್ನು ಅಟ್ಟದ ಮೇಲೆ ಹಾಕಿ ವರ್ಷದ ಹತ್ತಿರ ಬಿಡುವುದು, ಒಳಗಿನ ನೀರು ತಾನಾಗಿ ಇಂಗುವುದು, ಅಲ್ಲಾಡಿಸಿದರೆ ಒಳಗೆ ಗಟಗಟ ಸದ್ದಾಗುವುದು, ಎಲ್ಲವನ್ನೂ ಅಮ್ಮ ಹೇಳಿದರು. ಗಡಿಯಾರ ನೋಡಿದೆ, ಹದಿನೇಳು ನಿಮಿಷ ಆಗಿತ್ತು. ಮಗಳಿಗೆ ಅರ್ಧದಷ್ಟೂ ಅರ್ಥವಾಗಿರಲಾರದು. ಆದರೆ ಫೋನನ್ನು ನನ್ನ ಕೈಗೆ ಕೊಟ್ಟಿರಲಿಲ್ಲ.

ಕರೆ ಮುಗಿಸಿ ಬಂದು ಕೇಳಿದಳು: ‘ಅಮ್ಮ, ಅಟ್ಟ ಅಂದ್ರೆ ಏನು?’

ವಿವರಿಸಲು ಬಾಯಿ ತೆರೆದೆ. ಹನ್ನೊಂದು ವರ್ಷದ ಅಭ್ಯಾಸ ಅಷ್ಟು ಬೇಗ ಬಿಟ್ಟುಹೋಗುವುದಿಲ್ಲ. ಆಮೇಲೆ ತಡೆದುಕೊಂಡು, ‘ಅಜ್ಜಿನೇ ಕೇಳು’ ಎಂದೆ. ಅವಳು ಮತ್ತೆ ತಿಪಟೂರಿಗೆ ಕರೆ ಮಾಡಿದಳು.